ಬುಡದಿಂದ ಎಳೆದ ಗೆರೆ

“ಬುದ್ಧೀ, ಓದಿ ಹೆಸರು ಗಳಿಸಿದವನು ನಾನು. ಇದರಲ್ಲಿ ಅಕ್ಷರ ತಿಳಿಯದ ಅಕ್ಕನ ಪಾಲು ಏನಿದೆ?” ಎಂದು ಶಿಷ್ಯ ಚೆನ್ನವೀರ ಗುರುಗಳನ್ನು ಕೇಳಿದ.

ಅಂದು ಸಂಜೆ ಮಠದಲ್ಲಿ ಅವನ ಮೊದಲ ಪ್ರವಚನವಿತ್ತು. ಊರವರ ರಾಗಿ ಬೀಸಿ ಅವನನ್ನು ಸಾಕಿ ಓದಿಸಿದ ಅಕ್ಕ, ಅದನ್ನು ಕೇಳಲೆಂದು ಮೂರು ಹರಿದಾರಿ ನಡೆದು ಬಂದು ಹೊರಬಾಗಿಲಲ್ಲಿ ಕೂತಿದ್ದಳು. ಅವಳ ತೇಪೆ ಹಾಕಿದ ಸೀರೆ ಕಂಡು ಅವನಿಗೆ ನಾಚಿಕೆಯಾಗಿತ್ತು. ಏನಾದರೊಂದು ಹೇಳಿ ಹಿಂದಕ್ಕೆ ಕಳಿಸಿಬಿಡೋಣ ಎಂದುಕೊಂಡಿದ್ದ.

ಗುರುಗಳು ನಕ್ಕರು. “ಪ್ರವಚನಕಾರರೇ, ಕೂತುಕೊಳ್ಳಿ. ಸಂಜೆ ನೀವು ಹೇಳುವಿರಂತೆ, ಈಗ ನನ್ನದೊಂದು ಕೇಳಿ.”

ಒಬ್ಬ ಚಿತ್ರಗಾರನಿದ್ದ. ಮಾಗಿಯಲ್ಲಿ ಎಲೆ ಉದುರಿಸಿ ನಿಂತ ಮರಗಳನ್ನು ನೀರುಬಣ್ಣದಲ್ಲಿ ಬರೆಯುತ್ತಿದ್ದ. ರೆಂಬೆಯ ತುದಿಯನ್ನು ತನ್ನಷ್ಟು ಸಣ್ಣಗೆ ಯಾರೂ ಬರೆಯಲಾರರೆಂದು ಅವನಿಗೆ ಮಹಾ ಜಂಬ. ಅದಕ್ಕೇ ತುದಿಗಳನ್ನು ಮೊದಲು ಬರೆದು, ಬುಡವನ್ನು ಕೊನೆಗೆ ಹೇಗೋ ತಂದು ಸೇರಿಸುತ್ತಿದ್ದ. ಮರ ಪೊರಕೆಯ ಹಾಗೆ ಕಾಣುತ್ತಿತ್ತು. ಒಬ್ಬ ವರ್ತಕ ಎರಡು ಸಲ ಚಿತ್ರವನ್ನು ಹಿಂದಕ್ಕೆ ಕಳಿಸಿದ. ಮೂರನೆಯದೂ ಹೀಗೇ ಆದರೆ ಬೇರೆಯವನನ್ನು ಕರೆಸುತ್ತೇನೆ ಎಂದ. ಚಿತ್ರಗಾರನಿಗೆ ಅನ್ನ ಸೇರದಾಯಿತು.

ಸೌದೆ ಹೊತ್ತ ಒಬ್ಬ ಹೆಂಗಸು ಹೊರೆ ಇಳಿಸಿ ಅವನ ಜಗಲಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದಳು. ಚಿತ್ರ ನೋಡಿ, “ಎಲ್ಲಿಂದ ಶುರು ಮಾಡಿದೆ ತಮ್ಮಾ?” ಎಂದಳು.

“ತುದಿಯಿಂದ. ಕಷ್ಟ ಇರುವುದು ಅಲ್ಲೇ. ಬುಡವನ್ನು ಯಾರು ಬೇಕಾದರೂ ಬರೆಯುತ್ತಾರೆ.”

“ತುದಿಯಿಂದ ಬೆಳೆದ ಮರವನ್ನು ನಾನಂತೂ ಕಂಡಿಲ್ಲಪ್ಪ,” ಎಂದು ಹೊರೆ ಎತ್ತಿಕೊಂಡು ಹೊರಟುಹೋದಳು.

ಅವನಿಗೆ ಸಿಟ್ಟು ಬಂತು. ಆದರೂ ದಪ್ಪ ಕುಂಚವನ್ನು ಬಣ್ಣದಲ್ಲಿ ಚೆನ್ನಾಗಿ ಅದ್ದಿ, ಹಾಳೆಯ ಕೆಳಗೆ ಊರಿ, ಎತ್ತದೆ ಮೇಲಕ್ಕೆ ಎಳೆದ. ಕಾಂಡ ಅಗಲವಾಗಿ ಬಂತು. ಮೇಲೆ ಹೋದಂತೆ ಕುಂಚದ ನೀರು ಕಡಿಮೆಯಾಯಿತು, ಕೊಂಬೆ ಸಣ್ಣದಾಯಿತು. ಉಳಿದ ತೇವದಲ್ಲಿ ತುದಿ ತಾನಾಗಿ ಮೂಡಿತು. ಅಷ್ಟು ನವಿರಾದ ತುದಿಯನ್ನು ಅವನು ಎಂದೂ ಬರೆದಿರಲಿಲ್ಲ. ತುದಿಗೆಂದು ಅವನು ಮತ್ತೆ ಕುಂಚ ಅದ್ದಿರಲೂ ಇಲ್ಲ. ಅಲ್ಲಿದ್ದದ್ದು ಬುಡದಿಂದ ಹೊರಟ ಬಣ್ಣವೇ.

ಅವನ ಕಣ್ಣು ತುಂಬಿತು. ಆ ತಾಯಿಯ ಕಾಲಿಗೆ ಬೀಳಬೇಕೆಂದು ಬೀದಿಗೆ ಓಡಿದ. ಬೀದಿ ಖಾಲಿಯಿತ್ತು. ವರ್ತಕ ಚಿತ್ರವನ್ನು ಮೆಚ್ಚಿ ಒಯ್ದ. ಚಿತ್ರಗಾರ ಅಂದಿನಿಂದ ಕುಂಚ ಹಿಡಿಯುವ ಮುನ್ನ ಅವಳು ಹೋದ ದಾರಿಗೆ ಕೈಮುಗಿಯುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಅವಳು ಮತ್ತೆ ಸಿಕ್ಕಳೇ, ಬುದ್ಧೀ?” ಎಂದು ಚೆನ್ನವೀರ ಕೇಳಿದ.

“ಇಲ್ಲಪ್ಪ, ನಿನ್ನ ಅಕ್ಕ ಮಾತ್ರ ಇನ್ನೂ ಬಾಗಿಲಲ್ಲೇ ಇದ್ದಾಳೆ.”