ಶಾಸಕರು ಎತ್ತಿದ ಟೊಮೇಟೊ

ಬಡವರಿಗೆ ತಾಜಾ ತರಕಾರಿ ಸಿಗಲೆಂದು ಕೂಲಿಕಾರರ ಕಾಲೋನಿಯಲ್ಲಿ ರೈತಸಂತೆ ಶುರುವಾಯಿತು. ಉದ್ಘಾಟನೆಯ ದಿನ ನಗರಸಭೆ ಸದಸ್ಯ ಸೀತಪ್ಪನವರು ಬೆಳಗ್ಗೆಯೇ ಬಂದು ಅಪ್ಪಣೆ ಕೊಟ್ಟರು. "ಮಧ್ಯಾಹ್ನ ಶಾಸಕರು ಬಂದು ಫೋಟೊ ತೆಗೆಸಿಕೊಳ್ಳೋವರೆಗೂ ಯಾರಿಗೂ ಮಾರಬೇಡಿ. ಟೊಮೇಟೊ ಗುಡ್ಡೆ ಕರಗಬಾರದು!"

ಟೊಮೇಟೊ ತಂದಿದ್ದ ಮುನಿರತ್ನಮ್ಮ ತಲೆಯಾಡಿಸಿದಳು. ಆದರೆ ಅದು ಗಾರ್ಮೆಂಟ್ಸ್ ಹೆಂಗಸರು ಕೆಲಸಕ್ಕೆ ಹೊರಡುವ ಹೊತ್ತು. ಈಗ ಕೊಳ್ಳದಿದ್ದರೆ ಅವರ ಮನೆಯಲ್ಲಿ ಇವತ್ತೂ ಬರೀ ಹುಣಸೆಹುಳಿ ಸಾರೇ. ಸೀತಪ್ಪನವರು ಅತ್ತ ಹೋದದ್ದೇ ತಡ, ಇವಳು ಇತ್ತ ತಕ್ಕಡಿ ಎತ್ತಿದಳು.

ಮಧ್ಯಾಹ್ನ ಶಾಸಕರು ಬಂದಾಗ ಗುಡ್ಡೆ ಕೆಂಪಗೆ, ಎತ್ತರಕ್ಕೆ ಹಾಗೇ ಇತ್ತು. ಕ್ಯಾಮೆರಾ ನೋಡಿ ನಗುತ್ತಾ ಅವರು ಒಂದು ಹಣ್ಣು ಎತ್ತಿದರು. ಗುಡ್ಡೆ ಜರ್ರನೆ ಜಾರಿತು. ಒಳಗೆಲ್ಲ ಹುಲ್ಲು!

"ಏನಮ್ಮಾ ಇದು ಮೋಸ?" ಸೀತಪ್ಪನವರು ಗುಡುಗಿದರು.

"ಮೋಸ ಎಲ್ಲಿ ಬಂತಣ್ಣಾ? ಈ ಬೀದಿಗೆ ನೀವು ಹಾಕಿಸಿದ ರಸ್ತೆ ನೋಡಿ ಕಲ್ತೆ. ಮೇಲೊಂದು ಪದರ ಟಾರು, ಕೆಳಗೆ ಬರೀ ಮಣ್ಣು. ಅದಕ್ಕೂ ಇದೇ ಶಾಸಕರು ಬಂದು ಟೇಪು ಕತ್ತರಿಸಿದ್ರಲ್ಲ!"

ಶಾಸಕರ ನಗು ನಿಂತಿತು. ಕೈಯಿಂದ ಜಾರಿದ ಟೊಮೇಟೊ ಉರುಳುತ್ತಾ ಹೋಗಿ, ಅದೇ ರಸ್ತೆಯ ಗುಂಡಿಯಲ್ಲಿ ಕೂತಿತು.