ಹಗ್ಗ ಹಿಡಿದವಳು

“ಅಕ್ಕೋರೇ, ಜೊತೆಯವರು ಒಪ್ಪಿಕೊಂಡ ಕೆಲಸ ಬಿಟ್ಟು ಕೂತರೆ ಅದನ್ನೂ ನಾನೇ ಹೊತ್ತು ಮಾಡುವುದು ತಪ್ಪೇ?” ಎಂದು ದಾನಮ್ಮ ಕೇಳಿದಳು.

ಅವಳು ರಂಗಶಾಲೆಯ ಕೊನೆಯ ವರ್ಷದವಳು. ವಿದ್ಯಾರ್ಥಿಗಳೇ ಸೇರಿ ಒಂದು ದೊಡ್ಡ ನಾಟಕ ಆಡಬೇಕಿತ್ತು. ಅದರ ಹೊಣೆ ಇವಳದು. ಉಡುಪು ಹೊಲಿಯಬೇಕಾದವರು ಹೊಲಿಯಲಿಲ್ಲ, ಇವಳು ಹೊಲಿದಳು. ಬೆಳಕು ನೋಡಿಕೊಳ್ಳಬೇಕಾದವನು ಊರಿಗೆ ಹೋದ, ಇವಳು ಏಣಿ ಹತ್ತಿದಳು. ತಪ್ಪಲ್ಲ ಎಂಬ ಒಂದು ಮಾತು ಕೇಳಿಸಿಕೊಂಡು ಹೋಗಲೆಂದೇ ಬಂದಿದ್ದಳು.

ಗುರು ನೀಲಗಂಗಮ್ಮ ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. “ಕೂತ್ಕೋ ತಂಗಿ” ಎಂದು ಈ ಕತೆ ಹೇಳಿದರು.

ಒಬ್ಬ ರಾಜನಿದ್ದ. ಅವನ ರಾಜ್ಯದಲ್ಲಿ ಒಂದು ಗುರುಕುಲವಿತ್ತು. ರಾಜ ಅಲ್ಲಿಗೆ ಹೇಳಿಕಳಿಸಿದ: “ಶಿಷ್ಯರೇ ಸೇರಿ ನನ್ನೆದುರು ಒಂದು ನಾಟಕ ಆಡಲಿ. ಗುರುಗಳು ಕೈ ಹಾಕಬಾರದು. ಅದನ್ನು ದಡ ಮುಟ್ಟಿಸಿದವರು ಯಾರೋ, ನಾನು ಕಟ್ಟಿಸುತ್ತಿರುವ ನಾಟಕಶಾಲೆಗೆ ಅವರನ್ನೇ ಗುರುವಾಗಿ ಕೂರಿಸುತ್ತೇನೆ.”

ಶಿಷ್ಯರಲ್ಲಿ ಕುಂಬಾರನ ಮಗಳೊಬ್ಬಳಿದ್ದಳು. ಅವಳಿಗೆ ಕೈಹಿಡಿದು ಅಕ್ಷರ ತಿದ್ದಿಸಿದವರಿಲ್ಲ. ಗುರುಕುಲಕ್ಕೆ ಮಡಕೆ ಕೊಡಲು ಹೋದಾಗ ಅಂಗಳದಲ್ಲಿ ನಿಂತು ಕೇಳಿ ಕೇಳಿ ಕಲಿತವಳು. ಕಲಿತ ಮೇಲೆಯೇ ಒಳಗೆ ಕಾಲಿಟ್ಟವಳು. ಆ ಗುರುಪೀಠ ಅವಳಿಗೆ ಬೇಕಿತ್ತು. ಉಳಿದವರಿಗೆ ಸಿಕ್ಕರೆ ಸಂತೋಷ, ಸಿಗದಿದ್ದರೆ ಅಪ್ಪನ ಮನೆ, ಅಪ್ಪನ ಹೆಸರು. ಅವಳಿಗೆ ಅಪ್ಪ ಮಡಕೆ ಮಾಡುವ ತಿಗರಿಯೊಂದೇ ಇತ್ತು.

ಮೊದಲ ದಿನ ಎಲ್ಲರೂ ಮರದಡಿ ಸೇರಿದರು. “ಆಡಿದರೆ ದೊಡ್ಡದನ್ನೇ ಆಡಬೇಕು. ಏಳು ಅಂತಸ್ತಿನ ಅರಮನೆ ಎದ್ದು ನಿಲ್ಲಬೇಕು. ಕಂಡವರು ಮೂಗಿನ ಮೇಲೆ ಬೆರಳಿಡಬೇಕು” ಎಂದ ಮಂತ್ರಿಯ ಮಗ. ಎಲ್ಲರೂ ಸೈ ಎಂದರು. ಚಪ್ಪರ ಒಬ್ಬನ ಪಾಲಿಗೆ, ಹಾಡು ಒಬ್ಬಳ ಪಾಲಿಗೆ, ಬಣ್ಣ ಇನ್ನೊಬ್ಬನ ಪಾಲಿಗೆ ಬಂತು. ಹಂಚಿಕೊಳ್ಳುವ ದಿನ ಯಾರೂ ಹಿಂದೆ ಬೀಳಲಿಲ್ಲ.

ತಾಲೀಮು ಶುರುವಾಯಿತು. ಚಪ್ಪರದವನಿಗೆ ಅಕ್ಕನ ಮದುವೆ ಬಂತು. ಹಾಡು ಕಟ್ಟುವವಳಿಗೆ ಗಂಟಲು ಕೆಟ್ಟಿತು. ಬಣ್ಣದವನಿಗೆ ಬಣ್ಣವೇ ಬೇಸರವಾಯಿತು. “ನಿನ್ನಷ್ಟು ಚೆನ್ನಾಗಿ ನಮಗೆಲ್ಲಿ ಬರುತ್ತದೆ ತಾಯಿ?” ಎಂದರು. ಕುಂಬಾರನ ಮಗಳಿಗೆ ಅದು ಹೊಗಳಿಕೆಯಾಗಿ ಕೇಳಿಸಿತು. ಅವಳೇ ಚಪ್ಪರ ಹಾಕಿಸಿದಳು, ಅವಳೇ ಹಾಡು ಕಟ್ಟಿದಳು. ಏಳು ಅಂತಸ್ತಿನ ಅರಮನೆಯನ್ನು ಅಗಲವಾದ ಬಟ್ಟೆಯ ಮೇಲೆ ಬರೆದಳು. ಬಟ್ಟೆಯನ್ನು ಬಿದಿರಿಗೆ ಕಟ್ಟಿ, ರಾಟೆಗೆ ಹಗ್ಗ ಹಾಕಿ, ಎಳೆದು ನಿಲ್ಲಿಸುವುದನ್ನೂ ಕಲಿತಳು.

ರೈತನ ಮಗನೊಬ್ಬ ಮಾತ್ರ ಬಂದು ಕೇಳಿದ. “ಅಕ್ಕಾ, ಹಗ್ಗ ಎಳೆಯುವುದನ್ನು ನನಗೂ ತೋರಿಸು. ಬೇಡವೆಂದರೆ ಎಳೆದ ಹಗ್ಗ ಕಟ್ಟಿಡಲು ಒಂದು ಗೂಟವನ್ನಾದರೂ ನೆಡುತ್ತೇನೆ.”

“ನಿನಗೆ ತೋರಿಸಿಕೊಡುವಷ್ಟರಲ್ಲಿ ನಾನೇ ಎಳೆದು ಮುಗಿಸಿರುತ್ತೇನೆ. ಗೂಟ ಯಾಕೆ, ನನಗೇನು ಕೈಯಿಲ್ಲವೇ? ಹೋಗು, ನಿನ್ನ ಮೀಸೆ ನೆಟ್ಟಗೆ ಅಂಟಿಸಿಕೋ.”

ಅವನು ಮತ್ತೆ ಕೇಳಲಿಲ್ಲ.

ನಾಟಕದ ದಿನ ಜನ ಕಿಕ್ಕಿರಿದು ಸೇರಿದರು. ಕೊನೆಯ ಅಂಕದಲ್ಲಿ ಅರಮನೆ ಎದ್ದು ನಿಂತಿತು. ಜನ ಹೋ ಎಂದರು. ರಾಜ ತಾನೇ ರಂಗ ಹತ್ತಿ ಬಂದ. ಶಿಷ್ಯರು ವೇಷದಲ್ಲೇ ಸಾಲಾಗಿ ನಿಂತರು. ಅವರ ಬೆನ್ನ ಹಿಂದೆ ಅರಮನೆ. ಅರಮನೆಯ ಹಿಂದೆ, ಹಗ್ಗಕ್ಕೆ ಜೋತುಬಿದ್ದು, ಕುಂಬಾರನ ಮಗಳು. ಕೈಬಿಟ್ಟರೆ ರಾಜನ ಕಣ್ಣೆದುರೇ ಅರಮನೆ ಕುಸಿಯುತ್ತಿತ್ತು.

“ಇದನ್ನು ದಡ ಮುಟ್ಟಿಸಿದವರು ಯಾರು?” ರಾಜ ಕೇಳಿದ.

ಮಂತ್ರಿಯ ಮಗ ತಲೆ ತಗ್ಗಿಸಿ ಕೈಮುಗಿದ. “ಒಬ್ಬರ ಹೆಸರು ಹೇಗೆ ಹೇಳಲಿ ಪ್ರಭು? ಎಲ್ಲರೂ ಸೇರಿ ಮಾಡಿದೆವು.”

ರಾಜನ ಕಣ್ಣು ತುಂಬಿತು. “ನಾನು ಮಾಡಿದೆ ಎನ್ನದವನೇ ಗುರುವಾಗಲು ತಕ್ಕವನು” ಎಂದು ನಾಟಕಶಾಲೆಯ ಬೀಗದ ಕೈಯನ್ನು ಅವನಿಗೇ ಕೊಟ್ಟ.

ಕುಂಬಾರನ ಮಗಳು ಕೂಗಿದಳು. ಚಪ್ಪಾಳೆಯಲ್ಲಿ ಆ ಕೂಗು ಯಾರಿಗೂ ಕೇಳಿಸಲಿಲ್ಲ. ಹಾಡು ಕಟ್ಟಬೇಕಿದ್ದವಳು ಕೊರಳಲ್ಲಿ ಹಾರ ಹೊತ್ತು ಪರದೆಯ ಅಂಚಿನಿಂದ ಇಣುಕಿದಳು. “ಇನ್ನೊಂದು ಗಳಿಗೆ ಗಟ್ಟಿಯಾಗಿ ಹಿಡಿದಿರು ಕಣೇ, ರಾಜರು ಇನ್ನೂ ಇಳಿದಿಲ್ಲ” ಎಂದು ಹೇಳಿ ಹೋದಳು.

ಕುಂಬಾರನ ಮಗಳು ಹಿಡಿದೇ ಇದ್ದಳು. ಅಂಗೈ ಸುಲಿಯಿತು. ರಾಜ ಇಳಿದ. ಜನ ಕರಗಿದರು. ಆಮೇಲೆ ಅರಮನೆಯನ್ನು ಮೆಲ್ಲಗೆ ಇಳಿಸಿ, ಸುಕ್ಕು ಬೀಳದಂತೆ ಮಡಿಸಿ ಇಟ್ಟಳು.

ಗುರು ಕತೆ ನಿಲ್ಲಿಸಿದರು.

ದಾನಮ್ಮನಿಗೆ ಸಿಟ್ಟು ಬಂದಿತ್ತು. ಮಂತ್ರಿಯ ಮಗನ ಮೇಲೋ, ಕುಂಬಾರನ ಮಗಳ ಮೇಲೋ, ಅವಳಿಗೇ ತಿಳಿಯಲಿಲ್ಲ.

“ಅಷ್ಟಾದರೂ ಹಿಡಿದೇ ನಿಂತಳಲ್ಲ ಅಕ್ಕೋರೇ! ಹಗ್ಗ ಬಿಟ್ಟಿದ್ದರೆ ಏನಾಗುತ್ತಿತ್ತು?”

“ನಾಟಕ ಕೆಡಿಸಿದವಳು ಯಾರೆಂದು ಆ ಗಳಿಗೆಯಲ್ಲೇ ಎಲ್ಲರಿಗೂ ಗೊತ್ತಾಗುತ್ತಿತ್ತು” ಎಂದರು ಗುರು.