ಅಮ್ಮನ ಮುಖದ ಹಲಗೆ

ಒಂದಾನೊಂದು ಕಾಲದಲ್ಲಿ, ನಿನ್ನ ಮುತ್ತಜ್ಜನಿಗೆ ಹಲ್ಲು ಬರೋಕ್ಕೂ ಮುಂಚೆ, ಚೀನಾ ದೇಶದಲ್ಲಿ ಒಬ್ಬ ಮೆರುಗು ಚಿತ್ರ ಬರೆಯೋನಿದ್ದನಂತೆ. ಕಾಲು ಆಡಿಸಬೇಡ, ಕೇಳು. ಅಲ್ಲಿ ಒಂದು ಮರಕ್ಕೆ ಕಚ್ಚು ಹಾಕಿ, ಸೋರೋ ಹಾಲನ್ನ ಹಿಡಿದು, ಹಲಗೆಗೆ ಬಳಿದು, ಅದರ ಮೇಲೆ ಚಿತ್ರ ಬರೀತಾರಂತೆ. ಆಮೇಲೆ ಆ ಚಿತ್ರ ಪೂರ್ತಿ ಮುಚ್ಚೋ ಹಾಗೆ ಕರೀ ಮೆರುಗು ಬಳಿದು, ಒಣಗಿಸಿ, ನೀರು ಹಾಕಿ ಮೆಲ್ಲಗೆ ಉಜ್ಜುತ್ತಾ ಬಂದರೆ ಒಳಗಿನ ಚಿತ್ರ ಮೇಲಕ್ಕೆ ಬರುತ್ತಂತೆ. ಉಜ್ಜೋದು ಚೂರು ಹೆಚ್ಚಾಯ್ತೋ, ಚಿತ್ರವೂ ಹೋಯ್ತು.

ಅವನಿಗೆ ಇಬ್ಬರು ಗಂಡುಮಕ್ಕಳು, ಕೊನೆಯವಳು ಲಿಯನ್ ಅನ್ನೋ ಹುಡುಗಿ. ಅವಳನ್ನ ಹೆತ್ತ ದಿನವೇ ತಾಯಿ ತೀರಿಹೋಗಿದ್ದಳು. ಹುಡುಗಿ ಬೆಳೆದ ಮೇಲೆ ಅಪ್ಪ ಹಲಗೆ ಮೇಲೆ ಹೆಂಡತಿ ಮುಖ ಬರೆದು, ಕಪ್ಪು ಮುಚ್ಚಿ, ಉಜ್ಜೋ ಮೊದಲೇ ಹಾಸಿಗೆ ಹಿಡಿದನಂತೆ. ಸಾಯೋವಾಗ ಗಂಡುಮಕ್ಕಳನ್ನ ಕರೆದು, ಲಿಯನ್ ಅಮ್ಮನ ಮುಖ ನೋಡಿಲ್ಲ, ಉಜ್ಜಿ ಅವಳಿಗೆ ತೋರಿಸಿ, ಮುಖ ಕಂಡ ಕೂಡಲೇ ಕೈ ನಿಲ್ಲಿಸಿ ಅಂದನಂತೆ.

ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು. ದೊಡ್ಡವನಿಗೆ, ಚಿತ್ರದಲ್ಲಿ ಅಮ್ಮನ ಕಿವಿಯೋಲೆಗೆ ಅಪ್ಪ ಹಚ್ಚಿದ್ದ ಬಂಗಾರದ ಪುಡಿ ಮೇಲೆ ಕಣ್ಣು. ಒರಟು ಕಲ್ಲಲ್ಲಿ ಕೆರೆದ. ಕಿವಿ, ಕೆನ್ನೆ ಎಲ್ಲ ನೀರಲ್ಲಿ ಹೋಯ್ತು, ಬಂಗಾರವೂ ಹೋಯ್ತು. ನಡುವಿನವ, ನೀನು ದಡ್ಡ, ಕೊಡು ಇಲ್ಲಿ ಅಂತ ಕಸಿದುಕೊಂಡು, ಇನ್ನೂ ಚೆನ್ನಾಗಿ ಕಂಡರೆ ಸಾಹುಕಾರನಿಗೆ ಮಾರಬಹುದು ಅಂತ ಉಜ್ಜಿದ. ಕಣ್ಣು, ಬಾಯಿನೂ ಹೋಯ್ತು. ಲಿಯನ್ ನೀರು ಹೊತ್ತು ಬಂದು ನೋಡಿದರೆ ಬರೀ ಮರ! ಅವರಿಬ್ಬರೂ, ತಗೋ ನಿನ್ನ ಪಾಲು ಅಂತ ಹಲಗೆ ಎಸೆದು ಹೋದರಂತೆ. ಅಣ್ಣಂದಿರಂತೆ ಅಣ್ಣಂದಿರು!

ಆಮೇಲೆ, ಅಪ್ಪನ ಪಕ್ಕ ಕೂತು ಕಲಿತವಳಲ್ಲವಾ, ನಾನೇ ಬರೀತೀನಿ ಅಂತ ಹೊರಟಳು. ಅಮ್ಮ ಹೇಗಿದ್ದಳಣ್ಣ ಅಂತ ಕೇಳಿದರೆ ದೊಡ್ಡವನಿಗೆ ಓಲೆ ಮಾತ್ರ ನೆನಪು, ನಡುವಿನವನಿಗೆ ಅವಳು ಮಾಡ್ತಿದ್ದ ಅಕ್ಕಿ ಕಡುಬು. ಮುಖ ಇಬ್ಬರಿಗೂ ನೆನಪಿಲ್ಲ. ಮೂರು ಸಲ ಬರೆದು ಮೂರು ಸಲ ಅಳಿಸಿದಳಂತೆ. ಕೊನೆಗೆ ಬರೀ ಕಪ್ಪನ್ನೇ ಬಳಿದಳು, ಪದರದ ಮೇಲೆ ಪದರ, ಮೂರು ವರ್ಷ. ಆ ಮರದ ಹಾಲೂ ನಮ್ಮ ಗೇರುಬೀಜದ ಸಿಪ್ಪೆ ಎಣ್ಣೆ ಹಾಗೆ, ತಾಗಿದರೆ ಗುಳ್ಳೆ ಏಳುತ್ತೆ. ಕೈ ಊದಿದರೂ ಬಿಡದೆ, ಅಂಗೈಯಲ್ಲೇ ತಿಕ್ಕಿ ತಿಕ್ಕಿ ಹೊಳಪು ತಂದಳಂತೆ.

ಒಂದು ದಿನ ಹಲಗೆ ಮುಂದೆ ಕೂತು ಅಳ್ತಿದ್ದಾಗ, ಅವಳಮ್ಮನಿಗೆ ಹೆರಿಗೆ ಮಾಡಿಸಿದ್ದ ಪಕ್ಕದೂರಿನ ಮುದುಕಿ ಬಂದಳು. ಕಣ್ಣು ಮಂಜು ಮಂಜು. ಹಿಂದಿನಿಂದ ಬಗ್ಗಿ ಹಲಗೆ ನೋಡಿ, ಅಯ್ಯೋ, ಥೇಟ್ ನಿಮ್ಮಮ್ಮನೇ ಕಣೇ, ಆದ್ರೆ ಅವಳು ಹೀಗೆ ಅಳ್ತಿರಲಿಲ್ಲ, ನಗ್ತಿದ್ದಳು ಅಂದಳಂತೆ. ಲಿಯನ್ ನೋಡಿದರೆ, ಕನ್ನಡಿಯಂಥ ಕಪ್ಪಿನಲ್ಲಿ ತನ್ನದೇ ಮುಖ. ಕಣ್ಣೊರೆಸಿಕೊಂಡು ಮೆಲ್ಲಗೆ ನಕ್ಕಳು. ಅಮ್ಮನೂ ನಕ್ಕಳು.

ಹಲಗೆಯಲ್ಲಿ ಅಮ್ಮ ಕಾಣ್ತಾಳೆ ಅನ್ನೋ ಸುದ್ದಿ ಕೇಳಿ ಅಣ್ಣಂದಿರೂ ಓಡಿ ಬಂದು ಬಗ್ಗಿ ನೋಡಿದರಂತೆ. ಅವರಿಗೆ ಅವರ ಮೋರೆಗಳೇ ಕಂಡವಂತೆ. ಕತೆ ಮುಗೀತು, ಅಳಬೇಡ, ನನ್ನ ಕಡೆ ತಿರುಗಿ ಮಲಕ್ಕೋ.